ಕೈಗೆ ಬಲ ಕಡಿಮೆ ಇದ್ದರೆ ಯಾವ ಪಿಸ್ತೂಲು, ಯಾವ ತೋಟಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಟೆಕ್ಸಾಸ್‌ನಲ್ಲಿ ಗ್ಯಾಸ್ ಸ್ಟೇಷನ್ ಅಂಗಡಿ, ರಾತ್ರಿ ಹನ್ನೊಂದಕ್ಕೆ ನೀವೇ ಬಾಗಿಲು ಹಾಕಬೇಕು, ವಯಸ್ಸು 58, ಬೆರಳ ಗಂಟುಗಳಲ್ಲಿ ನೋವು, 9 ಎಂಎಂ ಪಿಸ್ತೂಲಿನ ಸ್ಲೈಡ್ (ತೋಟಾ ಒಳಗೆ ಹತ್ತಿಸಲು ಹಿಂದಕ್ಕೆ ಎಳೆಯುವ ಮೇಲಿನ ಭಾಗ) ಎಳೆಯಲು ಆಗುತ್ತಿಲ್ಲ. ಹಾಗಾಗಿ .22 ಸಾಕಾ, ಅದಕ್ಕೆ ಯಾವ ತೋಟಾ ಹಾಕಬೇಕು ಅಂತ ಕೇಳಿದ್ದೀರಿ. ನನ್ನ ಉತ್ತರ: ಮೊದಲು .380ರಲ್ಲಿ ಸ್ಲೈಡ್ ಹಗುರ ಇರುವ, ಸ್ವಲ್ಪ ದೊಡ್ಡದೇ ಆದ ಪಿಸ್ತೂಲು ಹಿಡಿದು ನೋಡಿ. ಆಗದಿದ್ದರೆ .32 ರಿವಾಲ್ವರ್. ಅದೂ ಆಗದಿದ್ದರೆ ಮಾತ್ರ .22. ಈ ಅಂಕೆಗಳೆಲ್ಲ ತೋಟಾದ ಅಳತೆ; 9 ಎಂಎಂಗಿಂತ .380 ಮೆತ್ತಗೆ, .22 ಇನ್ನೂ ಮೆತ್ತಗೆ.

ಅದಕ್ಕೂ ಮೊದಲು ವೀಸಾ ಮಾತು. ನಿಮಗೆ ಗ್ರೀನ್ ಕಾರ್ಡ್ ಇದೆ, ತೊಂದರೆ ಇಲ್ಲ. ಆದರೆ ಅಳಿಯ ಎಚ್-1ಬಿ ಮೇಲೆ ನಿಮ್ಮ ಮನೆಯಲ್ಲೇ ಇದ್ದಾನೆ ಅಂತ ಬರೆದಿದ್ದೀರಲ್ಲ, ಅದು ನಮ್ಮವರು ಎಷ್ಟೋ ಜನಕ್ಕೆ ಗೊತ್ತೇ ಇಲ್ಲದ ವಿಷಯ. ಎಚ್-1ಬಿ, ಎಫ್-1, ಪ್ರವಾಸಿ ವೀಸಾ, ಇಂಥ ವಲಸೆಯಲ್ಲದ ವೀಸಾ ಮೇಲೆ ಬಂದವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಒಂದೆರಡು ವಿನಾಯಿತಿ ಇವೆ, ಆದರೆ ಅದನ್ನು ವಕೀಲರ ಹತ್ತಿರ ಕೇಳಿಯೇ ನಂಬಬೇಕು. "ಸುಮ್ನೆ ಹಿಡಿದು ನೋಡು" ಅಂತ ಅವನ ಕೈಗೆ ಕೊಡಬೇಡಿ, ಗನ್ ಇಟ್ಟ ಪೆಟ್ಟಿಗೆಯ ಕೀಲಿಯನ್ನೂ ಕೊಡಬೇಡಿ. ಒಂದು ಕೇಸಾದರೆ ಅವನ ಗ್ರೀನ್ ಕಾರ್ಡ್ ಕನಸು ಅಲ್ಲಿಗೆ ಮುಗಿಯಬಹುದು.

ಈಗ ನನ್ನ ಕಥೆ. ನಾನು ಕೊಡಗಿನವನು. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ. ಕೋವಿ ಮುಟ್ಟಿ ಬೆಳೆದವನು ಅನ್ನುವ ಜಂಬ ಇಟ್ಟುಕೊಂಡು ಡಲ್ಲಾಸ್‌ಗೆ ಬಂದೆ. ಇಲ್ಲಿ ಮೊದಲು ಕೊಂಡಿದ್ದು ಅಂಗೈಯಲ್ಲಿ ಮುಚ್ಚಿಹೋಗುವ ಪುಟಾಣಿ .380, ತೂಕ 300 ಗ್ರಾಂ ಕೂಡ ಇಲ್ಲ, ಪ್ಯಾಂಟಿನ ಜೇಬಲ್ಲಿ ಇದ್ದರೂ ಗೊತ್ತಾಗುವುದಿಲ್ಲ. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿಗೆ ಹೋಗಿ ಏಳು ಗಜ ದೂರದಿಂದ ಆರು ಗುಂಡು ಹೊಡೆದೆ. ಎರಡು ಕಾಗದಕ್ಕೇ ತಾಗಲಿಲ್ಲ! ಹೆಬ್ಬೆರಳ ಬುಡ ಮಾರನೇ ದಿನವೂ ನೋಯುತ್ತಿತ್ತು. ಚಿಕ್ಕ ಗನ್ ಅಂದರೆ ಸುಲಭದ ಗನ್ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅದು ಪೂರ್ತಿ ಉಲ್ಟಾ. ಗುಂಡು ಹಾರುವಾಗ ಹಿಂದಕ್ಕೆ ಬರುವ ಒದೆತವನ್ನು ತಡೆದುಕೊಳ್ಳುವುದು ಗನ್ನಿನ ತೂಕ. ತೂಕ ಇಲ್ಲದಿದ್ದರೆ ಅಷ್ಟೂ ಒದೆತ ನಿಮ್ಮ ಮಣಿಕಟ್ಟಿಗೇ. ಜೊತೆಗೆ ಪುಟ್ಟ ಪಿಸ್ತೂಲಿನ ಸ್ಪ್ರಿಂಗ್ ಬಿಗಿ ಇರುತ್ತದೆ, ಸ್ಲೈಡ್ ಹಿಡಿಯಲು ಜಾಗವೂ ಇರುವುದಿಲ್ಲ. ಗಂಟು ನೋವಿರುವ ಕೈಗೆ ಅದು ಶಿಕ್ಷೆ.

ಅದಕ್ಕೇ ಸ್ಮಿತ್ ಆಂಡ್ ವೆಸನ್ ಕಂಪನಿಯ ಎಂ ಆಂಡ್ ಪಿ 380 ಶೀಲ್ಡ್ ಈಜಿ ಹಿಡಿದು ನೋಡಿ ಅನ್ನುತ್ತೇನೆ. 2018ರಲ್ಲಿ ಬಂದದ್ದು, ಹೆಸರೇ ಹೇಳುವ ಹಾಗೆ ಸ್ಲೈಡ್ ಸಲೀಸು. ಒಳಗೆ ಹ್ಯಾಮರ್ (ಬಡಿಯುವ ಸುತ್ತಿಗೆ) ಇರುವುದರಿಂದ ಸ್ಪ್ರಿಂಗ್ ಅಷ್ಟು ಬಿಗಿ ಬೇಕಾಗಿಲ್ಲ. ತೋಟಾ ತುಂಬುವ ಡಬ್ಬಿ, ಅಂದರೆ ಮ್ಯಾಗಜೀನಿನ ಪಕ್ಕದಲ್ಲಿ ಒಂದು ಗುಬುಟಿದೆ, ಅದನ್ನು ಕೆಳಗೆ ಒತ್ತಿಕೊಂಡರೆ ತೋಟಾ ತುಂಬುವುದು ಸುಲಭ. ಎಂಟು ತೋಟಾ ಹಿಡಿಯುತ್ತದೆ. ತೂಕ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ, ಆ ತೂಕವೇ ನಿಮಗೆ ಉಪಕಾರ. ಒಂದೇ ಎಚ್ಚರಿಕೆ: ಹಿಡಿಯ ಹಿಂಭಾಗದಲ್ಲಿ ಒಂದು ಸೇಫ್ಟಿ ಪಟ್ಟಿ ಇದೆ, ಅಂಗೈ ಅದನ್ನು ಪೂರ್ತಿ ಒತ್ತದಿದ್ದರೆ ಗುಂಡು ಹಾರುವುದಿಲ್ಲ. ನೋವು ಜಾಸ್ತಿ ಇರುವ ದಿನವೂ ಅದು ಒತ್ತುತ್ತದಾ ಅಂತ ನೋಡಿ. ಗನ್ ಅಂಗಡಿಯವರು "ಹೆಂಗಸರಿಗೆ ಇದೇ ಸರಿ" ಅಂತ ಹಗುರ .38 ರಿವಾಲ್ವರ್ ಮುಂದಿಡುತ್ತಾರೆ, ಬಣ್ಣ ಗುಲಾಬಿ ಇದ್ದರೂ ಆಶ್ಚರ್ಯ ಇಲ್ಲ. ನನ್ನ ಹೆಂಡತಿಗೂ ಒಬ್ಬ ಹಾಗೇ ಮಾಡಿದ. ಐದು ಗುಂಡು ಹೊಡೆದು ಮೇಜಿನ ಮೇಲಿಟ್ಟವಳು ಮತ್ತೆ ಅದನ್ನು ಮುಟ್ಟಲಿಲ್ಲ.

ರಿವಾಲ್ವರೇ ಬೇಕೆಂದರೆ .32 ನೋಡಿ. .32 ಎಚ್ ಆಂಡ್ ಆರ್ ಮ್ಯಾಗ್ನಂ ಅನ್ನುವ ತೋಟಾಕ್ಕೆ ಮಾಡಿದ ಸಣ್ಣ ರಿವಾಲ್ವರುಗಳು ಈಚೆಗೆ ಮತ್ತೆ ಬರುತ್ತಿವೆ, 2024ರಲ್ಲಿ ಬಂದ ಸ್ಮಿತ್ ಆಂಡ್ ವೆಸನ್ 432 ಅಂಥದ್ದು. ಅದೇ ಗಾತ್ರದ .38ರಲ್ಲಿ ಐದು ಹಿಡಿದರೆ ಇದರಲ್ಲಿ ಆರು, ಒದೆತವೂ ಕಡಿಮೆ. ಅದೇ ರಿವಾಲ್ವರಿನಲ್ಲಿ ಇನ್ನೂ ಮೆತ್ತಗಿನ .32 ಎಸ್ ಆಂಡ್ ಡಬ್ಲ್ಯು ಲಾಂಗ್ ಹಾಕಿ ಅಭ್ಯಾಸ ಮಾಡಬಹುದು. ಊರಲ್ಲಿ ಲೈಸೆನ್ಸ್ ರಿವಾಲ್ವರ್ ಇಟ್ಟುಕೊಂಡ ದೊಡ್ಡಪ್ಪಂದಿರು ಹಾಕುವುದು ಇದೇ ತೋಟಾ. ಅಲ್ಲಿ 9 ಎಂಎಂ, .38 ಎರಡೂ ಸಾಮಾನ್ಯ ಜನಕ್ಕೆ ಸಿಗುವುದಿಲ್ಲ, ಹಾಗಾಗಿ .32 ಅನಿವಾರ್ಯ. ಇಲ್ಲಿ ಅದು ನಿಮ್ಮ ಆಯ್ಕೆ. ತೊಂದರೆ ಎರಡು. ತೋಟಾ ದುಬಾರಿ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಮತ್ತೆ ಟ್ರಿಗರ್ ಗಟ್ಟಿ, ಇಂಥ ರಿವಾಲ್ವರುಗಳಲ್ಲಿ ಬೆರಳಿಗೆ ಐದು ಕಿಲೋ ಆಸುಪಾಸಿನ ಭಾರ ಬೀಳುತ್ತದೆ. ಖಾಲಿ ರಿವಾಲ್ವರಿನಲ್ಲಿ ಹತ್ತು ಸಲ ಬಿಡದೆ ಎಳೆದು ನೋಡಿ, ಹತ್ತನೆಯದಕ್ಕೆ ಕೈ ನಡುಗಿದರೆ ಅದು ನಿಮ್ಮದಲ್ಲ.

ಇನ್ನು ನೀವು ಕೇಳಿದ .22. ಒದೆತ ಇಲ್ಲವೇನೋ ಅನ್ನುವಷ್ಟು ಕಡಿಮೆ, ತೋಟಾ ಅಗ್ಗ, ದಿನವಿಡೀ ಹೊಡೆಯಬಹುದು. ಆದರೆ ಇದರಲ್ಲಿ ಬೇರೆ ತೋಟಾಗಳ ಹಾಗೆ ಹಿಂದೆ ನಡುವೆ ಕೇಪು ಇರುವುದಿಲ್ಲ, ಕಿಡಿ ಹೊತ್ತಿಸುವ ಮದ್ದು ಅಂಚಿನ ಮಡಿಕೆಯೊಳಗೆ ಸುತ್ತ ಹರಡಿರುತ್ತದೆ. ಅದು ಎಲ್ಲೋ ಒಂದು ಕಡೆ ಸರಿಯಾಗಿ ಹರಡಿರದಿದ್ದರೆ, ಗನ್ನಿನ ಸೂಜಿ ಅಲ್ಲೇ ಬಡಿದರೆ, ಟಿಕ್ ಅಂತ ಸದ್ದು ಮಾತ್ರ. ಒಳ್ಳೆ ಕಂಪನಿಯ ತೋಟಾದಲ್ಲೂ ಆಗೊಮ್ಮೆ ಈಗೊಮ್ಮೆ ಹೀಗಾಗುತ್ತದೆ. ಪಿಸ್ತೂಲಾದರೆ ಆಗ ಸ್ಲೈಡ್ ಎಳೆದು ಕೆಟ್ಟ ತೋಟಾ ತೆಗೆಯಬೇಕು, ನಿಮ್ಮ ಕಷ್ಟ ಇರುವುದೇ ಅಲ್ಲಿ. ರಿವಾಲ್ವರಾದರೆ ಇನ್ನೊಮ್ಮೆ ಟ್ರಿಗರ್ ಎಳೆದರೆ ಮುಂದಿನ ತೋಟಾ ಬರುತ್ತದೆ. ಹಾಗಾಗಿ .22ಕ್ಕೇ ಇಳಿಯುವುದಾದರೆ ಎಂಟು ತೋಟಾ ಹಿಡಿಯುವ ರೂಗರ್ ಎಲ್‌ಸಿಆರ್ ಥರದ ರಿವಾಲ್ವರೇ ತಗೊಳ್ಳಿ.

ತೋಟಾ ವಿಷಯಕ್ಕೆ ಬರೋಣ. ಎಲ್ಲರೂ ಹಾಲೋ ಪಾಯಿಂಟ್ ಹಾಕಿ ಅನ್ನುತ್ತಾರೆ, ಅಂದರೆ ಮೂತಿಯಲ್ಲಿ ಕುಳಿ ಇರುವ, ಮೈಗೆ ಹೊಕ್ಕಾಗ ಹೂವಿನ ಹಾಗೆ ಅರಳುವ ಗುಂಡು. ಈಗ ಸಿಗುವ 9 ಎಂಎಂ ತೋಟಾಕ್ಕೆ ಕಣ್ಣು ಮುಚ್ಚಿ ಹೌದು ಅನ್ನುತ್ತೇನೆ. ಸಣ್ಣ ತೋಟಾಕ್ಕೆ ಲೆಕ್ಕ ಬೇರೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ಆಯಿತು. ಶುರುವಿನಲ್ಲೇ ಒಬ್ಬನಿಗೆ 9 ಎಂಎಂ ಹಾಲೋ ಪಾಯಿಂಟ್ ಬಿತ್ತು, ತೋಳನ್ನು ದಾಟಿ ಎದೆಗೆ ಹೊಕ್ಕು ಹೃದಯ ಮುಟ್ಟುವ ಮೊದಲೇ ನಿಂತಿತು. ಅವನು ಹೊಡೆಯುತ್ತಲೇ ಹೋದ, ಇಬ್ಬರು ಏಜೆಂಟರು ಸತ್ತರು. ಆಮೇಲೆ ಎಫ್‌ಬಿಐ ಗುಂಡನ್ನು ಮೈಮಾಂಸದ ಹಾಗೆ ಮೆತ್ತಗಿರುವ ಜೆಲ್ಲಿಗೆ ಹೊಡೆದು ಪರೀಕ್ಷೆ ಮಾಡತೊಡಗಿತು: 12 ಇಂಚಾದರೂ ಹೋಗಬೇಕು, 18 ದಾಟಬಾರದು. ಸಣ್ಣ ತೋಟಾದಲ್ಲಿ ಮದ್ದೇ ಕಡಿಮೆ, ನಳಿಗೆಯೂ ಗಿಡ್ಡ. ಇರುವಷ್ಟು ಬಲ ಅರಳುವುದಕ್ಕೆ ಖರ್ಚಾದರೆ ಆಳಕ್ಕೆ ಉಳಿಯುವುದಿಲ್ಲ. ಅದಕ್ಕೇ .22ರಲ್ಲಿ ಅರಳದ, ಆಳಕ್ಕೆ ಹೋಗುವ ಗುಂಡೇ ಮೇಲು. ಫೆಡರಲ್ ಪಂಚ್ ಅಂತ ಗಿಡ್ಡ ನಳಿಗೆಗೆಂದೇ ಮಾಡಿದ ತೋಟಾ ಸಿಗುತ್ತದೆ. .380ಕ್ಕೆ ಸ್ವಲ್ಪ ಹೆಚ್ಚು ಬಲ ಇದೆ, ಅಲ್ಲಿ ಅರಳುವ ಗುಂಡೇ ಇರಲಿ: ಫೆಡರಲ್ ಹೈಡ್ರಾ-ಶಾಕ್ ಡೀಪ್ 99 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ), ಅಥವಾ ಮೂತಿಯ ಕುಳಿಯಲ್ಲಿ ಕೆಂಪು ರಬ್ಬರಿನಂಥ ತುದಿ ಇರುವ ಹಾರ್ನಡಿ ಕ್ರಿಟಿಕಲ್ ಡಿಫೆನ್ಸ್ 90 ಗ್ರೇನ್. ಆ ತುದಿ ಯಾಕೆಂದರೆ ಬಟ್ಟೆಯ ಚೂರು ಕುಳಿಗೆ ತುಂಬಿಕೊಂಡರೆ ಗುಂಡು ಅರಳುವುದಿಲ್ಲ. ಹಾಗಂತ .380ರಲ್ಲಿ ಕುಳಿ ಇಲ್ಲದ, ಉರುಟು ಮೂತಿಯ ಮಾಮೂಲಿ ತೋಟಾ ಹಾಕಲು ಹೋಗಬೇಡಿ, ಅದು ಮನುಷ್ಯನನ್ನು ದಾಟಿ ಆಚೆ ಹೋಗಬಹುದು. ನಿಮ್ಮದು ಅಂಗಡಿ, ಆಚೆ ಹಾಲು ಕೊಳ್ಳಲು ಬಂದವರು ನಿಂತಿರಬಹುದು. ಯಾವುದೇ ತಗೊಂಡರೂ ಅದೇ ತೋಟಾವನ್ನು ನಿಮ್ಮ ಪಿಸ್ತೂಲಿನಲ್ಲಿ ಒಂದೈವತ್ತಾದರೂ ಹೊಡೆದು ನೋಡಿ. ಒಂದು ಸಿಕ್ಕಿಹಾಕಿಕೊಂಡರೂ ಬ್ರ್ಯಾಂಡ್ ಬದಲಿಸಿ.

ಬ್ಯಾಗಿನೊಳಗೆ ಸುಮ್ನೆ ಹಾಕಿಕೊಂಡು ಓಡಾಡಬೇಡಿ. ಕೀಲಿ, ಲಿಪ್‌ಸ್ಟಿಕ್, ಏನಾದರೂ ಟ್ರಿಗರಿಗೆ ಸಿಕ್ಕಿದರೆ ಮುಗಿಯಿತು, ಮತ್ತೆ ಕಳ್ಳ ಮೊದಲು ಕಿತ್ತುಕೊಳ್ಳುವುದೇ ಬ್ಯಾಗು. ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ ಸೊಂಟದಲ್ಲಿರಲಿ. ಮನೆಗೆ ಮೊಮ್ಮಕ್ಕಳು ಬರುತ್ತಾರೆ ಅಂದಿರಿ, ಬೆರಳೊತ್ತಿದರೆ ತೆಗೆಯುವ ಚಿಕ್ಕ ಸೇಫ್ ಇಲ್ಲದೆ ಗನ್ ಮನೆಗೆ ತರಲೇಬೇಡಿ. ಎಚ್ಚರವಿಲ್ಲದೆ ಇಟ್ಟ ತುಂಬಿದ ಗನ್ 17 ವರ್ಷದೊಳಗಿನ ಮಗುವಿನ ಕೈಗೆ ಸಿಕ್ಕರೆ ಅದು ಟೆಕ್ಸಾಸ್‌ನಲ್ಲಿ ಅಪರಾಧ ಕೂಡ.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ 21 ದಾಟಿದವರು, ಬೇರೆ ಅಡ್ಡಿ ಇಲ್ಲದಿದ್ದರೆ, ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ಆದರೂ ಲೈಸೆನ್ಸ್ ಮಾಡಿಸಿ. ಫೆಡರಲ್ ಕಾನೂನಿನ ಪ್ರಕಾರ ಶಾಲೆಯಿಂದ 1000 ಅಡಿಯೊಳಗೆ ಗನ್ ನಿಷಿದ್ಧ, ರಾಜ್ಯದ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಅಂಗಡಿಗೆ ಹೋಗುವ ದಾರಿಯಲ್ಲಿ ಎಷ್ಟು ಶಾಲೆ ಇವೆ ಅಂತ ಲೆಕ್ಕ ಹಾಕಿ ನೋಡಿ. ಲೈಸೆನ್ಸಿನ ಕ್ಲಾಸಿನಲ್ಲಿ ಯಾವಾಗ ಹೊಡೆಯಬಾರದು ಅನ್ನುವುದನ್ನೂ ಹೇಳಿಕೊಡುತ್ತಾರೆ. ಗಲ್ಲಾಪೆಟ್ಟಿಗೆಯ ದುಡ್ಡು ಕೇಳಿದರೆ ಕೊಟ್ಟು ಕಳಿಸಿ, ಪಿಸ್ತೂಲು ಇರುವುದು ಜೀವಕ್ಕೆ ಬಂದಾಗ.

ಈ ವಾರ ಏನನ್ನೂ ಕೊಳ್ಳಬೇಡಿ. ಬಾಡಿಗೆಗೆ ಗನ್ ಕೊಡುವ ರೇಂಜ್ ಹುಡುಕಿ, ವಾರದ ದಿನ ಬೆಳಗ್ಗೆ ಹೋಗಿ, ಗದ್ದಲ ಇರುವುದಿಲ್ಲ. ಮೂರನ್ನೂ ಹೊಡೆದು ನೋಡಿ, ಮಾರನೇ ದಿನ ಬೆಳಗ್ಗೆ ಕಾಫಿ ಲೋಟ ಎತ್ತುವಾಗ ಕೈ ಹೇಗಿದೆ ಅಂತ ಇಲ್ಲೇ ಕೆಳಗೆ ಬರೆಯಿರಿ, ಆಮೇಲೆ ಹೋಲ್‌ಸ್ಟರ್ ಬಗ್ಗೆ ಹೇಳುತ್ತೇನೆ.