ಗೇಟ್ ಮೀಟಿಂಗಿನ ಮಾತು, ಮತಗಟ್ಟೆಯ ಬೆರಳು

ಪತ್ರ: ನನ್ನ ತಂದೆ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಯೂನಿಯನ್ ಹೇಳಿದವರಿಗೇ ಮತ ಹಾಕುತ್ತಿದ್ದರು. ಅವರು ಕೊಟ್ಟ ಚಂದಾ ಪಕ್ಷಕ್ಕೆ ಹೋಗುತ್ತಿತ್ತೇನೋ ಎಂಬ ಅನುಮಾನ ನನಗೆ; ಮುಖಂಡರಂತೂ ಸಂಘವನ್ನೇ ಏಣಿ ಮಾಡಿಕೊಂಡು ಚುನಾವಣೆಯ ಟಿಕೆಟ್ ಹಿಡಿಯುತ್ತಾರೆ. ಸಂಘಗಳು ಕಾರ್ಮಿಕರನ್ನು ಕುರಿಮಂದೆ ಮಾಡಿಲ್ಲವೇ?
– ಓದುಗರೊಬ್ಬರು, ಗದಗ ರಸ್ತೆ, ಹುಬ್ಬಳ್ಳಿ

ಉತ್ತರ: ಯೂನಿಯನ್ನಿನ ಮಾತು ಅಷ್ಟು ನಡೆಯುವುದಿದ್ದರೆ ನಮ್ಮ ಲೋಕಸಭಾ ಕ್ಷೇತ್ರದ ಕಥೆಯೇ ಬೇರೆಯಾಗುತ್ತಿತ್ತು. ಎಡಪಕ್ಷಗಳ ನಂಟಿನ ಸಂಘ, ಕಾಂಗ್ರೆಸ್ ನಂಟಿನ ಸಂಘ ಎರಡೂ ಈ ಊರಿನಲ್ಲಿ ಬೇರುಬಿಟ್ಟಿವೆ. ಆದರೂ ಮೊದಲು ಧಾರವಾಡ ಉತ್ತರ ಎನಿಸಿಕೊಂಡಿದ್ದ ಈ ಕ್ಷೇತ್ರದಲ್ಲಿ 1996ರಿಂದ ಗೆಲ್ಲುತ್ತ ಬಂದಿರುವುದು ಬಿಜೆಪಿ. ಚಂದಾ ಒಂದು ಬಾವುಟಕ್ಕೆ, ಮತ ಇನ್ನೊಂದಕ್ಕೆ ಕೊಡುವ ಮನೆಗಳು ನಿಮ್ಮ ಓಣಿಯಲ್ಲೂ ಇದ್ದಾವು.

ಹಾಗೆಂದು ಸಂಘದ ಪ್ರಭಾವವೇ ಇಲ್ಲ ಎನ್ನಲಾರೆ. ಊಟದ ಭೋಂಗಾ ಆದ ಮೇಲೆ ನಡೆಯುವ ಗೇಟ್ ಮೀಟಿಂಗನ್ನು ನೋಡಿ. ಮುಖಂಡ ಪಕ್ಷದ ಹೆಸರನ್ನೇ ಎತ್ತುವುದಿಲ್ಲ. 2004ರ ಜನವರಿ 1ಕ್ಕಿಂತ ಮೊದಲು ಸೇರಿದವನಿಗೆ ಖಚಿತ ಪಿಂಚಣಿ, ಆಮೇಲೆ ಸೇರಿದವನಿಗೆ ಎನ್‌ಪಿಎಸ್, ಅಂದರೆ ಮಾರುಕಟ್ಟೆಯ ಏರಿಳಿತಕ್ಕೆ ಬಿಟ್ಟ ಪಿಂಚಣಿ, ಎಂದಷ್ಟೇ ಹೇಳುತ್ತಾನೆ. ಒಂದೇ ಬೆಂಚಿನಲ್ಲಿ ಡಬ್ಬಿ ಬಿಚ್ಚಿದ ಇಬ್ಬರು ಮುಖ ಮುಖ ನೋಡಿಕೊಳ್ಳುತ್ತಾರೆ. ಮತ ಕೇಳಲು ಬಂದವರನ್ನು ಏನು ಕೇಳಬೇಕೆಂದು ಅಲ್ಲಿಗೇ ತೀರ್ಮಾನವಾಗುತ್ತದೆ. ದೇಶದುದ್ದಕ್ಕೂ ಇಂಥ ಗೇಟುಗಳಲ್ಲಿ ಎದ್ದ ಪ್ರಶ್ನೆಗೆ 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಏಕೀಕೃತ ಪಿಂಚಣಿಯ, ಅಂದರೆ ಆಮೇಲೆ ಸೇರಿದವರಿಗೂ ಖಚಿತ ಪಿಂಚಣಿಯ ಭರವಸೆ ಕೊಡುವ ಯೋಜನೆಯ, ಉತ್ತರ ಕೊಡಬೇಕಾಯಿತು. (ಉತ್ತರ ಎಲ್ಲರಿಗೂ ರುಚಿಸಲಿಲ್ಲ, ಅದು ಬೇರೆ ಮಾತು.)

ಚಂದಾ ಹಣದ ಬಗ್ಗೆ ನಿಮಗಿರುವ ಅನುಮಾನ ಹಳೆಯದು. ಬ್ರಿಟನ್ನಿನಲ್ಲಿ ಆಸ್ಬರ್ನ್ ಎಂಬ ರೈಲ್ವೆ ಪೋರ್ಟರ್, ತಾನು ಲಿಬರಲ್ ಆಗಿದ್ದೂ ತನ್ನ ಚಂದಾ ಲೇಬರ್ ಪಕ್ಷಕ್ಕೆ ಏಕೆ ಹೋಗಬೇಕೆಂದು ಕೋರ್ಟಿಗೆ ಹೋಗಿ 1909ರಲ್ಲಿ ಗೆದ್ದ. ನಮ್ಮಲ್ಲಿ 1926ರ ಕಾರ್ಮಿಕ ಸಂಘಗಳ ಕಾಯಿದೆಯ 16ನೇ ಕಲಮು ರಾಜಕೀಯ ನಿಧಿಯನ್ನೇ ಬೇರೆ ಇಡಿಸಿತು. ಅದಕ್ಕೆ ಕೊಡಲೊಲ್ಲೆ ಎಂದವನನ್ನು ಒತ್ತಾಯಿಸುವಂತಿರಲಿಲ್ಲ, ಅವನ ಸೌಲಭ್ಯ ಕಡಿಯುವಂತೆಯೂ ಇರಲಿಲ್ಲ. ಸಂಘವನ್ನು ಟಿಕೆಟ್ಟಿನ ಏಣಿ ಮಾಡಿಕೊಳ್ಳುವ ಮುಖಂಡರ ಮೇಲಿನ ನಿಮ್ಮ ಸಿಟ್ಟು ಮಾತ್ರ ನನ್ನದೂ ಹೌದು.

ಇನ್ನು ಕುರಿಮಂದೆ. 2021ರ ಏಪ್ರಿಲ್ 7ರಿಂದ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳಕ್ಕಾಗಿ ಬಸ್ ನಿಲ್ಲಿಸಿದಾಗ ನೆಚ್ಚಿಕೊಂಡದ್ದು ರೈತ ಮುಖಂಡ ಕೋಡಿಹಳ್ಳಿ ಚಂದ್ರಶೇಖರ್ ಅವರನ್ನು. ಹಳೆಯ ಸಂಘಗಳು ಬದಿಗೆ ನಿಂತು ನೋಡಬೇಕಾಯಿತು. ಮಂದೆ ಕಾಯುವವನನ್ನೇ ಬದಲಿಸಿತ್ತು.

ಕೊನೆಗೊಂದು ಕುತೂಹಲ. 1966ರ ರೈಲ್ವೆ ಸೇವಾ ನಡತೆ ನಿಯಮಗಳ ಪ್ರಕಾರ ನೌಕರ ಮತ ಹಾಕಬಹುದು, ಯಾರಿಗೆ ಎಂಬ ಸುಳಿವು ಕೊಡುವಂತಿಲ್ಲ. ನಿಮ್ಮ ತಂದೆ ಯಾರಿಗೆ ಹಾಕಿದರೆಂದು ಹೇಳಿದವರು ಯಾರು, ಅವರೋ ಯೂನಿಯನ್ನಿನವರೋ?

– ಸಂ.