ಕಾಲು ನೋಯಲ್ಲ, ಆದ್ರೆ ನೆಟ್ಟಗೆ ನಿಲ್ಲಕ್ಕಾಗಲ್ಲ

ಪ್ರಶ್ನೆ: ಮೇಡಂ, ನನಗೆ 63 ವರ್ಷ, ಬೇಲೂರು ತಾಲ್ಲೂಕಲ್ಲಿ ಸ್ವಲ್ಪ ಕಾಫಿ, ಮೆಣಸು ಇದೆ. ಶುಗರ್ ಬಂದು ಹತ್ತು ವರ್ಷದ ಮೇಲಾಯ್ತು, ಮೆಟ್‌ಫಾರ್ಮಿನ್ ತಗೊಳ್ತಿದೀನಿ. ಈಚೆಗೆ ಪಾದ ಎರಡೂ ಜೋಮು, ಹತ್ತಿ ಮೇಲೆ ನಡೆದಂಗಾಗುತ್ತೆ, ಉರಿ ಇಲ್ಲ ನೋವಿಲ್ಲ. ಬೆಳಿಗ್ಗೆ ಮುಖ ತೊಳೆಯೋವಾಗ ವಾಲಿಬಿಡ್ತೀನಿ, ರಾತ್ರಿ ಕರೆಂಟ್ ಹೋದ್ರೆ ಗೋಡೆ ಹಿಡ್ಕೊಂಡೇ ಹೋಗ್ಬೇಕು. ಮೊನ್ನೆ ಒಂದು ಕಾಲಿನ ಹವಾಯಿ ಚಪ್ಪಲಿ ಅಂಗಳದಲ್ಲೇ ಕಳಚ್ಕೊಂಡಿದೆ, ನಮ್ಮನೆಯವಳು ಹೇಳೋವರೆಗೂ ನನಗೆ ಗೊತ್ತೇ ಆಗಿಲ್ಲ. ಊರಲ್ಲಿ ಕುಡಿದು ತೂರಾಡ್ತಾನೆ ಅಂತಾರೆ, ನಾನು ಕುಡಿಯೋನೇ ಅಲ್ಲ. ಒಬ್ಬ ಡಾಕ್ಟ್ರು ನೋವಿಲ್ಲ ತಾನೆ, ವಯಸ್ಸಾಯ್ತು ಬಿಡಿ ಅಂದ್ರು. ನೋವೇ ಇಲ್ದಿದ್ಮೇಲೆ ಟ್ರೀಟ್‌ಮೆಂಟ್ ಬೇಕಾ? ಮೊಮ್ಮಕ್ಕಳ ಜೊತೆ ಶ್ರವಣಬೆಳಗೊಳದ ಬೆಟ್ಟ ಹತ್ತೋ ಆಸೆ ಇದೆ, ಹತ್ತಬಹುದಾ?
ಹೆಸರು ಬೇಡ, ಬೇಲೂರು ತಾ.

ಉತ್ತರ: ಯಜಮಾನ್ರೇ, ಬೇಕೇ ಬೇಕು. ನೋವಿಲ್ಲ ಅನ್ನೋ ಕಾರಣಕ್ಕೇ ಇನ್ನೂ ಬೇಗ ಬೇಕು, ಯಾಕಂದ್ರೆ ನೋವಿದ್ದೋರು ತಾವಾಗೇ ಆಸ್ಪತ್ರೆಗೆ ಓಡಿ ಬರ್ತಾರೆ, ನಿಮ್ಮಂಥವರು ಬಿದ್ದು ಸೊಂಟದ ಮೂಳೆ ಮುರ್ಕೊಂಡ ಮೇಲೋ, ಪಾದದಲ್ಲಿ ಹುಣ್ಣು ಕೀವಾದ ಮೇಲೋ ಬರ್ತಾರೆ.

ನೀವು ಬರೆದಿರೋದ್ರಲ್ಲಿ ಮುಖ ತೊಳೆಯೋ ವಿಷಯ ಬಹಳ ಮುಖ್ಯ. ನಾವು ಬೀಳದೆ ನಿಲ್ಲೋಕೆ ಕಣ್ಣು, ಒಳಗಿವಿ, ಕಾಲಿನ ನರ ಮೂರೂ ಸೇರಿ ಕೆಲಸ ಮಾಡ್ಬೇಕು. ಪಾದ ಎಲ್ಲಿದೆ, ಹೇಗೆ ಊರಿದೆ ಅಂತ ಮೆದುಳಿಗೆ ಹೇಳೋದು ದಪ್ಪ ನರತಂತುಗಳು, ನೋವು ಬಿಸಿ ಹೇಳೋದು ಸಣ್ಣವು. ನಿಮ್ಮ ದಪ್ಪ ತಂತುಗಳು ಸುದ್ದಿ ಕಳಿಸ್ತಿಲ್ಲ ಅನ್ಸುತ್ತೆ, ಹಂಗಾಗಿ ಇಷ್ಟು ದಿನ ಕಣ್ಣು ಆ ಕೆಲಸಾನೂ ಮಾಡ್ಕೊಂಡು ಬಂದಿದೆ, ಸೋಪು ಹಚ್ಚಿ ಕಣ್ಣು ಮುಚ್ಚಿದ ತಕ್ಷಣ ವಾಲ್ತೀರ, ಕತ್ತಲಲ್ಲೂ ಅದೇ ಕಥೆ. ಡಾಕ್ಟ್ರು ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿ ನೋಡ್ತಾರಲ್ಲ, ಅದಕ್ಕೆ ರೋಂಬರ್ಗ್ ಪರೀಕ್ಷೆ ಅಂತಾರೆ. ಮನೇಲಿ ಒಬ್ಬರೇ ಮಾಡಕ್ಕೆ ಹೋಗ್ಬೇಡಿ. ಹಾಗೇ 128 ಹರ್ಟ್ಜ್ ಟ್ಯೂನಿಂಗ್ ಫೋರ್ಕ್ ಹೆಬ್ಬೆರಳ ಮೇಲಿಟ್ಟು ಅದುರೋದು ಗೊತ್ತಾಗುತ್ತಾ ಅಂತ, 10 ಗ್ರಾಂ ಮೊನೊಫಿಲಮೆಂಟ್ ದಾರ ಪಾದಕ್ಕೆ ಒತ್ತಿ ಮುಟ್ಟಿದ್ದು ಗೊತ್ತಾಗುತ್ತಾ ಅಂತ ನೋಡ್ಬೇಕು. ಐದು ನಿಮಿಷದ ಕೆಲಸ, ಕೇಳಿ ಮಾಡಿಸ್ಕೊಳ್ಳಿ. ವಯಸ್ಸಾಯ್ತು ಅಂತ ಪಾದ ಮುಟ್ಟದೇ ಕಳಿಸಿದ್ದು ನನಗೆ ಸರಿ ಕಾಣ್ಲಿಲ್ಲ.

ಶುಗರ್ ಕಾರಣ ಇರಬಹುದು, ಆದ್ರೆ ಅದೊಂದನ್ನೇ ಹಿಡ್ಕೊಂಡು ಕೂರಬಾರದು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡ್ರೆ ವಿಟಮಿನ್ ಬಿ12 ಕಮ್ಮಿ ಆಗಬಹುದು, ಸಸ್ಯಾಹಾರಿಗಳಾದ್ರೆ ಇನ್ನೂ ಬೇಗ. ಬಿ12 ಕೊರತೆ ಕಾಲಿನ ನರ ಮಾತ್ರ ಅಲ್ಲ, ಬೆನ್ನುಹುರಿನೂ ಕೆಡಿಸುತ್ತೆ, ತಡ ಆದ್ರೆ ಪೂರ್ತಿ ವಾಪಸ್ ಬರಲ್ಲ, ಬೇಗ ಸಿಕ್ರೆ ಇಂಜೆಕ್ಷನ್‌ಗೆ ಚೆನ್ನಾಗಿ ಸುಧಾರಿಸುತ್ತೆ. ಅದಕ್ಕೇ ಮೊದಲು ಬಿ12 ಟೆಸ್ಟ್, ಜೊತೆಗೆ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಎಚ್‌ಬಿಎ1ಸಿ, ಥೈರಾಯ್ಡ್, ಕಿಡ್ನಿ. ರಿಪೋರ್ಟ್ ಬರೋ ಮೊದಲೇ ಮೆಟ್‌ಫಾರ್ಮಿನ್ ನೀವಾಗೇ ನಿಲ್ಲಿಸ್ಬೇಡಿ. ಮೈ ಮೇಲೆ ಎಲ್ಲಾದ್ರೂ ಸ್ಪರ್ಶ ಗೊತ್ತಾಗದ ಮಚ್ಚೆ ಇದ್ರೆ ಅದನ್ನೂ ತೋರಿಸಿ, ಕುಷ್ಠದಲ್ಲೂ ನೋವಿಲ್ಲದ ಜೋಮು ಬರುತ್ತೆ, ಸರ್ಕಾರಿ ಆಸ್ಪತ್ರೇಲಿ ಔಷಧಿ ಉಚಿತ, ವಾಸಿಯಾಗುತ್ತೆ.

ಇನ್ನೊಂದು ಮಾತು. ಮೆಡಿಕಲ್ ಸ್ಟೋರಲ್ಲಿ ನರದ ಮಾತ್ರೆ ಕೊಡಿ ಅಂತ ಕೇಳಿ ತಂದು ನುಂಗೋದು ಬೇಡ. ಪ್ರಿಗಾಬಲಿನ್, ಗಾಬಾಪೆಂಟಿನ್ ಉರಿ ನೋವಿಗೆ ಕೊಡೋದು, ಜೋಮಿಗೆ ಏನೂ ಮಾಡಲ್ಲ, ಮೇಲಿಂದ ತಲೆ ಸುತ್ತು ತಂದು ಇನ್ನೂ ಬೀಳಿಸುತ್ತೆ. ಬಿ6 ಜಾಸ್ತಿ ಇರೋ ಮಾತ್ರೆ ತುಂಬಾ ದಿನ ನುಂಗಿದ್ರೆ ಅದರಿಂದಲೇ ನರ ಕೆಡುತ್ತೆ.

ಈಗ ಪಾದದ ವಿಷಯ. ತೋಟಕ್ಕೆ ಗಂಬೂಟ್ ಹಾಕ್ತೀರಲ್ಲ, ಹಾಕೋ ಮೊದಲು ಬೋರಲು ಮಾಡಿ ಕೊಡವಿ, ಒಳಗೆ ಕೈ ಹಾಕಿ ಸವರಿ. ಮೆಣಸಿನ ಕಾಳಷ್ಟು ಕಲ್ಲು ಒಳಗಿದ್ರೂ ನಿಮಗೆ ತಿಳಿಯಲ್ಲ, ಸಂಜೆವರೆಗೆ ಅದರ ಮೇಲೇ ಓಡಾಡಿರ್ತೀರ, ಮಾರನೇ ದಿನ ಅಲ್ಲಿ ಬೊಬ್ಬೆ, ಆಮೇಲೆ ಹುಣ್ಣು. ರಾತ್ರಿ ಮಲಗೋ ಮೊದಲು ಪಾದದ ಅಡಿ, ಬೆರಳ ಸಂದು ನೋಡ್ಕೊಳ್ಳಿ, ಬಗ್ಗಕ್ಕಾಗ್ದಿದ್ರೆ ಮೊಬೈಲಲ್ಲಿ ಫೋಟೋ ತೆಗೀರಿ ಇಲ್ಲಾ ಅಮ್ಮಾವ್ರ ಕೈಲಿ ನೋಡಿಸಿ. ಹಂಡೆ ನೀರು ಮೊಣಕೈಲಿ ಮುಟ್ಟಿ ನೋಡಿ ಹುಯ್ಕೊಳ್ಳಿ. ಬಿಸಿ ಉಪ್ಪುನೀರಲ್ಲಿ ಕಾಲಿಡಿ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ, ಮಳೆಗಾಲದಲ್ಲಿ ಒಲೆ ಮುಂದೆ ಕಾಲು ಚಾಚಿ ಕಾಯಿಸೋದೂ ಬೇಡ. ನಿಮ್ಮೂರ ಚೆನ್ನಕೇಶವನ ಗುಡಿ ಕಲ್ಲುಹಾಸು ಬಿಸಿಲಲ್ಲಿ ಎಷ್ಟು ಕಾಯುತ್ತೆ ಅಂತ ನಿಮಗೇ ಗೊತ್ತು, ಬೇರೆಯವರು ಹಾರ್ಕೊಂಡು ನೆರಳಿಗೆ ಓಡ್ತಾರೆ, ನೀವು ಆರಾಮಾಗಿ ನಿಂತಿರ್ತೀರ, ಮನೆಗೆ ಬಂದ್ಮೇಲೆ ಗುಳ್ಳೆ ಕಾಣುತ್ತೆ. ಬೆಳಿಗ್ಗೆ ಹೊತ್ತು ಹೋಗಿ. ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರೋ, ಮೆತ್ತನೆ ರಬ್ಬರಿನ ಎಂಸಿಆರ್ ಚಪ್ಪಲಿ ತಗೊಳ್ಳಿ.

ಬೀಳದೇ ಇರೋಕೆ ಕೋಲು ಹಿಡೀರಿ ಅಂದ್ರೆ ಎಲ್ರೂ ಬೇಜಾರು ಮಾಡ್ಕೊಳ್ತಾರೆ. ಕೋಲು ಬರೀ ಭಾರ ಹೊರಕ್ಕಲ್ಲ, ನೆಲ ಎಲ್ಲಿದೆ ಅನ್ನೋ ಸುದ್ದಿ ಈಗ ನಿಮ್ಮ ಕೈಯಿಂದ ಮೆದುಳಿಗೆ ಹೋಗುತ್ತೆ, ಗೋಡೆಗೆ ಒಂದು ಬೆರಳು ತಾಗಿಸಿದ್ರೂ ವಾಲೋದು ಕಮ್ಮಿ ಆಗೋದು ಅದಕ್ಕೇ. ಕುಡಿದಿದಾನೆ ಅನ್ನೋರ ಬಾಯಿನೂ ನಿಲ್ಲುತ್ತೆ, ನಿಮಗೆ ಅದೂ ನೋವು ಕೊಟ್ಟಿದೆ ಅಂತ ಓದುವಾಗಲೇ ಗೊತ್ತಾಯ್ತು. ಕರೆಂಟ್ ಹೋದ್ರೆ ತಾನಾಗೇ ಹತ್ತೋ ಚಾರ್ಜಿಂಗ್ ಬಲ್ಬು ಮಲಗೋ ಕೋಣೆಗೊಂದು ಬಚ್ಚಲಿಗೊಂದು ಹಾಕ್ಸಿ, ಅಂಗಳದ ಪಾಚಿ ಮಳೆಗೆ ಮೊದಲೇ ಕೆರೆಸಿ. ಮುಖ ಕುರ್ಚಿ ಮೇಲೆ ಕೂತು ತೊಳೀರಿ. ಫಿಸಿಯೋಥೆರಪಿಸ್ಟ್ ಹತ್ರ ಬ್ಯಾಲೆನ್ಸ್ ವ್ಯಾಯಾಮ ಕಲೀರಿ, ಅಡುಗೆ ಕಟ್ಟೆ ಹಿಡ್ಕೊಂಡು ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನಡೆಯೋದು, ಕೈ ಊರದೆ ಕುರ್ಚಿಯಿಂದ ಏಳೋದು, ಇಂಥವು. ನರ ಬೆಳೆಯೋದು ದಿನಕ್ಕೆ ಹೆಚ್ಚುಕಮ್ಮಿ 1 ಮಿಲಿಮೀಟರ್, ಶುಗರ್‌ನಿಂದ ಹಾಳಾಗಿದ್ದು ಪೂರ್ತಿ ಸರಿಹೋಗುತ್ತೆ ಅಂತ ನಾನು ಸುಳ್ಳು ಭರವಸೆ ಕೊಡಲ್ಲ, ಆದ್ರೆ ಬ್ಯಾಲೆನ್ಸ್ ಅಭ್ಯಾಸದಿಂದ ಸುಧಾರಿಸುತ್ತೆ. ಜೋಮು ದಿನದಿಂದ ದಿನಕ್ಕೆ ಮೇಲೇರಿದ್ರೆ, ಕಾಲಲ್ಲಿ ಬಲ ಹೋದ್ರೆ, ಮೂತ್ರ ಹಿಡಿತ ತಪ್ಪಿದ್ರೆ ಅವತ್ತೇ ಆಸ್ಪತ್ರೆಗೆ ಬನ್ನಿ.

ಬೆಟ್ಟ? ವಿಂಧ್ಯಗಿರಿಗೆ ಆರು ನೂರಕ್ಕೂ ಮೇಲೆ ಮೆಟ್ಟಿಲು, ಬಂಡೇಲೇ ಕಡಿದಿರೋದು, ಚಪ್ಪಲಿ ಬಿಡ್ಬೇಕು. ಹತ್ತೋದಕ್ಕಿಂತ ಇಳಿಯೋದು ನಿಮಗೆ ಕಷ್ಟ, ಪಾದ ಕಾಣದೇ ಊರಬೇಕಾಗುತ್ತೆ. ಈ ಸಲ ಡೋಲಿಯಲ್ಲಿ ಹೋಗಿ ಬಾಹುಬಲಿ ನೋಡ್ಕೊಂಡು ಬನ್ನಿ, ಅದರಲ್ಲಿ ಮುಜುಗರ ಏನಿಲ್ಲ.

ಪ್ರಶ್ನೆ: ನಮ್ಮ ಮಾವನಿಗೂ ಪಾದ ಜೋಮು, ನೋವಿಲ್ಲ. ಚಿಕ್ಕಮಗಳೂರಿಂದ ತೋಟಕ್ಕೆ ತಾವೇ ಜೀಪ್ ಓಡಿಸ್ತಾರೆ, ಹೇಳಿದ್ರೆ ಕೇಳಲ್ಲ.
ಒಬ್ಬ ಸೊಸೆ

ಉತ್ತರ: ಕೆಳಗೆ ನೋಡದೇ ಬ್ರೇಕ್ ಮೇಲೆ ಕಾಲಿದೆಯೋ ಆಕ್ಸಿಲರೇಟರ್ ಮೇಲಿದೆಯೋ ಹೇಳಕ್ಕಾಗುತ್ತಾ ಅಂತ, ಇಂಜಿನ್ ಆಫ್ ಮಾಡಿಸಿ ಕೇಳಿ ನೋಡಮ್ಮ. ಒಂದ್ಸಲ ತಡವರಿಸಿದ್ರೂ ಘಾಟಿ ರೋಡಲ್ಲಿ ಅವರು ಓಡಿಸಬಾರದು. ನಿನ್ನ ಮಾತು ಕೇಳದಿದ್ರೆ ಡಾಕ್ಟ್ರ ಬಾಯಲ್ಲಿ ಹೇಳಿಸು, ಸದ್ಯಕ್ಕೆ ಕೀ ಮಗನ ಹತ್ರ ಇರಲಿ.