ರೂಟ್ ಕೆನಾಲ್‌ಗೆ ಹೊಸ ಸೀಲರ್: ಒಪ್ಪಿಕೊಳ್ಳಬಹುದೇ?

ಪ್ರಶ್ನೆ: ಕೆಳಗಿನ ದವಡೆಹಲ್ಲಿಗೆ ರೂಟ್ ಕೆನಾಲ್ ನಡೆಯುತ್ತಿದೆ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ಮಚ್ಚೆ ಕಾಣಿಸಿದೆ. ಕೊನೆಗೆ ‘ಬಯೋಸೆರಾಮಿಕ್’ ಎಂಬ ಹೊಸ ವಸ್ತು ತುಂಬುತ್ತಾರಂತೆ. ಹೊಸದು ಎಂದ ಕೂಡಲೇ ಅಳುಕಾಯಿತು. ಬಾಯಿಗೆ ಹಾಕುವ ಮೊದಲು ಇಂಥವನ್ನು ಪರೀಕ್ಷಿಸಿರುತ್ತಾರೆಯೇ?

ಉತ್ತರ: ಪರೀಕ್ಷಿಸಿರುತ್ತಾರೆ. ಆದರೆ ಎಲ್ಲಿ, ಹೇಗೆ ಪರೀಕ್ಷಿಸಿದರು ಎಂದು ಕೇಳಬೇಕು.

ನಾಳದೊಳಗೆ ಹೋಗುವುದು ಎರಡು ವಸ್ತು: ಗಟ್ಟಾಪರ್ಚಾ ಎಂಬ ತೆಳುವಾದ ಕಡ್ಡಿ, ಅದರ ಸುತ್ತಲಿನ ಸಂದು ಮುಚ್ಚುವ ಸೀಲರ್. ಮರದ ಹಾಲಿನಿಂದ ಬರುವ ಗಟ್ಟಾಪರ್ಚಾ 19ನೇ ಶತಮಾನದಿಂದಲೂ ಬಳಕೆಯಲ್ಲಿದೆ. (ಹೆಸರಷ್ಟೇ ಅದರದು, ಕಡ್ಡಿಯಲ್ಲಿ ಹೆಚ್ಚಿನ ಪಾಲು ಜಿಂಕ್ ಆಕ್ಸೈಡ್.) ನಿಮ್ಮ ಡಾಕ್ಟರು ಹೊಸದು ಎಂದಿರುವುದು ಬಹುಶಃ ಸೀಲರನ್ನು.

ಸೀಲರಿಗೆ ಐಎಸ್‌ಒ 6876 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಒಂದು ಪರೀಕ್ಷೆಯಂತೂ ಬಹಳ ಸರಳ. ಗಾಜಿನ ಹಲಗೆಯ ಮೇಲೆ 0.05 ಮಿಲಿಲೀಟರ್, ಅಂದರೆ ಒಂದು ಹನಿಯಷ್ಟು ಸೀಲರ್ ಇಟ್ಟು, ಮೇಲೆ ಇನ್ನೊಂದು ಗಾಜು, ಅದರ ಮೇಲೆ 100 ಗ್ರಾಂ ತೂಕ. ಕಲಸಿ ಹತ್ತು ನಿಮಿಷವಾದ ಮೇಲೆ ತೂಕ ತೆಗೆದು ಅಳೆದರೆ, ಹರಡಿದ ಬಿಲ್ಲೆಯ ಅಗಲ ಕನಿಷ್ಠ 17 ಮಿ.ಮೀ. ಇರಬೇಕು. ಇಷ್ಟೂ ಹರಿಯದ ಸೀಲರ್ ಕೂದಲೆಳೆಯಂಥ ಕವಲುನಾಳಗಳೊಳಗೆ ಇಳಿಯಲಾರದು. ನೀರಿನಲ್ಲಿ ಶೇ. 3ಕ್ಕಿಂತ ಹೆಚ್ಚು ಕರಗಬಾರದು, ಎಕ್ಸ್‌ರೇಯಲ್ಲಿ ಎದ್ದು ಕಾಣಬೇಕು. ಜೀವಕೋಶಗಳಿಗೆ ವಿಷವಾಗುತ್ತದೆಯೇ ಎಂಬ ಪರೀಕ್ಷೆ ಬೇರೆ ನಡೆಯುತ್ತದೆ.

ಇದೆಲ್ಲ ಪ್ರಯೋಗಾಲಯದ ಮಾತು. ಕಿತ್ತ ಹಲ್ಲಿಗೆ ಸೀಲರ್ ತುಂಬಿ, ಬಣ್ಣದ ದ್ರಾವಣದಲ್ಲಿ ಮುಳುಗಿಸಿ, ಬಣ್ಣ ಎಷ್ಟು ಒಳನುಗ್ಗಿತು ಎಂದು ಅಳೆಯುವ ಪ್ರಯೋಗಗಳು ದಶಕಗಟ್ಟಲೆ ನಡೆದವು. ಆ ಅಂಕಿಗಳಿಗೂ ರೋಗಿಗಳ ಹಲ್ಲು ವಾಸಿಯಾಗುವುದಕ್ಕೂ ತಾಳೆಯಾಗಲಿಲ್ಲ; ಈಗ ಅವನ್ನು ಯಾರೂ ಅಷ್ಟಾಗಿ ನೆಚ್ಚುವುದಿಲ್ಲ.

ರೆಸಿಲಾನ್ ಕಥೆ ಕೇಳಿ. ಗಟ್ಟಾಪರ್ಚಾದ ಜಾಗಕ್ಕೆಂದು 2004ರ ಸುಮಾರಿಗೆ ಬಂದ ಪ್ಲಾಸ್ಟಿಕ್ ಜಾತಿಯ ವಸ್ತು ಅದು. ಕಡ್ಡಿ, ಸೀಲರ್, ಹಲ್ಲು ಮೂರೂ ಬೆಸೆದು ಒಂದೇ ಆಗುತ್ತವೆ ಎಂದರು. ಮೊದಮೊದಲ ಪ್ರಯೋಗಗಳಲ್ಲಿ ಚೆನ್ನಾಗಿಯೇ ಇತ್ತು. ವರ್ಷಗಳು ಕಳೆದಂತೆ ಹಲ್ಲಿನೊಳಗೇ ಅದು ಶಿಥಿಲವಾಗತೊಡಗಿತು, ಚಿಕಿತ್ಸೆ ಕೆಟ್ಟ ಪ್ರಕರಣಗಳು ಹೆಚ್ಚಾದವು, ಕೊನೆಗೆ ಮಾರುಕಟ್ಟೆಯಿಂದಲೇ ಮರೆಯಾಯಿತು. ನಿಮ್ಮ ಅಳುಕು ಅಕಾರಣವೇನಲ್ಲ.

ಆದರೆ ಬಯೋಸೆರಾಮಿಕ್ ಸೀಲರ್ ಅಷ್ಟು ಎಳೆಯದಲ್ಲ. ಕ್ಯಾಲ್ಸಿಯಂ ಸಿಲಿಕೇಟ್ ಆಧಾರದ ಇದು, 1993ರಲ್ಲಿ ಬೆಳಕಿಗೆ ಬಂದ ಎಂಟಿಎ ಎಂಬ, ಹಲ್ಲಿನ ಚಿಕಿತ್ಸೆಗೆ ಬಳಸುವ ಸಿಮೆಂಟಿನ ವಂಶದ್ದು. ಹಲ್ಲಿನ ತೇವವನ್ನೇ ಹೀರಿ ಗಟ್ಟಿಯಾಗುತ್ತದೆ. ರೋಗಿಗಳ ಮೇಲಿನ ಅಧ್ಯಯನಗಳಲ್ಲಿ ಹಳೆಯ ರೆಸಿನ್ ಸೀಲರಿಗೆ ಸರಿಸಾಟಿಯಾಗಿದೆ. ಅದನ್ನು ಮೀರಿಸಿದೆ ಎಂದರೆ ಮಾತ್ರ ಅತಿಯಾದೀತು. ಒಂದು ತೊಡಕುಂಟು: ಮುಂದೆ ಮತ್ತೆ ರೂಟ್ ಕೆನಾಲ್ ಬೇಕಾದರೆ ಗಟ್ಟಿಯಾದ ಇದನ್ನು ಕೆರೆದು ತೆಗೆಯುವುದು ಕಷ್ಟ.

ನನ್ನನ್ನು ಕೇಳಿದರೆ, ಒಪ್ಪಿಕೊಳ್ಳಿ. ಸೀಲರ್ ಯಾವುದು ಎನ್ನುವುದಕ್ಕಿಂತ, ನಾಳಗಳನ್ನು ಚೆನ್ನಾಗಿ ತೊಳೆದರೇ, ಎಂಜಲು ತಾಗದಂತೆ ಹಲ್ಲಿನ ಸುತ್ತ ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಹಾಕಿದ್ದರೇ ಎಂಬುದು ಹೆಚ್ಚು ಮುಖ್ಯ. ಕ್ಯಾಪ್ ಹಾಕಿಸುವುದನ್ನೂ ಮುಂದೂಡಬೇಡಿ. ಒಂದು ವರ್ಷಕ್ಕೆ ಮತ್ತೆ ಎಕ್ಸ್‌ರೇ ತೆಗೆಸಿ, ಹಳೆಯದರ ಪಕ್ಕ ಇಟ್ಟು ನೋಡಲು ಹೇಳಿ. ಮಚ್ಚೆ ಕುಗ್ಗಿದ್ದರೆ ಸರಿ. ಪೂರ್ತಿ ಮಾಯಲು ನಾಲ್ಕು ವರ್ಷ ಹಿಡಿಯುವುದೂ ಉಂಟು.